ಬೇಲಿಯ ಹೊರಗಿನ ಕಾಯಿ

ಬುಧವಾರ, ಬೇಲಿಯ ಒಳಗೆ

ಹೀಚುಗಳು ಹದಿನೇಳಿದ್ದವು. ದೊಡ್ಡದು ನಿಂಬೆಹಣ್ಣಿನಷ್ಟು, ಚಿಕ್ಕದು ಗಜ್ಜುಗದಷ್ಟು. ಒಂದೊಂದರ ತುದಿಯಲ್ಲೂ ಬಾಡಿದ ಹಳದಿ ಹೂವು ಇನ್ನೂ ಅಂಟಿಕೊಂಡಿತ್ತು. ಬಿದಿರು ಬೇಲಿಯ ಪಕ್ಕದಲ್ಲಿ ನಡೆಯುತ್ತ ನಾನು ಒಂದೊಂದು ಕುಂಬಳದ ಹೀಚಿಗೂ ತೋರುಬೆರಳನ್ನು ನೇರವಾಗಿ ಚಾಚಿ ಎಣಿಸಿದೆ. ತಪ್ಪಿರಬಹುದೆಂದು ಅದೇ ದಾರಿಯಲ್ಲಿ ಹಿಂದಿರುಗಿ ಇನ್ನೊಮ್ಮೆ ಎಣಿಸಿದೆ. ನೋಟ್‌ಬುಕ್ಕಿನಲ್ಲಿ ಹದಿನೇಳು ಎಂದು ಬರೆದು, ಕೆಳಗೆ ಗೆರೆ ಎಳೆದು ತಲೆಯೆತ್ತಿದಾಗ, ಪಾತಿಗಳಲ್ಲಿ ಬಗ್ಗಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡುತ್ತಿದ್ದರು.

"ಅಯ್ಯ, ಎಂಥ ಕೆಲ್ಸ ಮಾಡ್ದೆ ಮಾರಾಯ್ತಿ," ಎಂದರು ಜೊತೆಗೆ ಬಂದಿದ್ದ ಚನ್ನಬಸಮ್ಮ. "ಹೀಚಿಗೆ ಬೆಟ್ಟು ತೋರ್ಸದಾ? ನಿಮ್ಮನೇಲಿ ಯಾರೂ ಹೇಳಿರ್ಲಿಲ್ವಾ?"

ಹೇಳಿದ್ದರು. ಶಿಕಾರಿಪುರದ ನಮ್ಮ ಹಿತ್ತಲಲ್ಲಿ ಅಜ್ಜಿ ನನ್ನ ಕೈಗೆ ಒಂದು ಕೊಟ್ಟೇ ಹೇಳಿದ್ದರು: ಎಳೆಗಾಯಿಗೆ ಬೆರಳು ತೋರಿಸಬಾರದು, ಕೊಳೆತು ಉದುರುತ್ತದೆ, ತೋರಿಸಲೇಬೇಕಿದ್ದರೆ ಬೆರಳು ಮಡಚಿ ತೋರಿಸು. ಆಮೇಲೆ ನಾನು ಧಾರವಾಡಕ್ಕೆ ಹೋಗಿ ಕೃಷಿಯಲ್ಲಿ ಎಂ.ಎಸ್ಸಿ. ಮಾಡಿದೆ. ಹಾಗಾಗಿ ಬೆರಳು ನೆಟ್ಟಗಾಯಿತು.

ಫಿಲಿಪೀನ್ಸಿನ ನೆಗ್ರೋಸ್ ದ್ವೀಪದ ಹೆಂಗಸರಿಗೂ ಅವರವರ ಅಜ್ಜಿಯರು ಇದನ್ನೇ ಹೇಳಿರುತ್ತಾರೆ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಲ್ಲಿನವರು ದಿಕ್ಕು ತೋರಿಸಲು ಬೆರಳೆತ್ತುವುದಿಲ್ಲ, ತುಟಿ ಮುಂದೆ ಚಾಚಿ 'ಆ ಕಡೆ' ಅನ್ನುತ್ತಾರೆ ಎಂಬುದನ್ನು ಬಂದ ದಿನವೇ ಗಮನಿಸಿದ್ದೆ. ಗಮನಿಸಿ, 'ಸ್ಥಳೀಯ ವೈಶಿಷ್ಟ್ಯ' ಎಂಬ ತಲೆಬರಹದಡಿ ಬರೆದುಕೊಂಡಿದ್ದೆ. ಅದರಿಂದ ಏನನ್ನೂ ಕಲಿತಿರಲಿಲ್ಲ.

ತೋಟದ ಹಿರಿಯಳು ಮನಾಂಗ್ ನೇನಾ ನನ್ನ ಬಳಿ ಬಂದಳು. ಮನಾಂಗ್ ಅಂದರೆ ನಮ್ಮಲ್ಲಿ ಅಕ್ಕ ಎಂದ ಹಾಗೆ. ಅವಳು ನನ್ನ ಮಣಿಕಟ್ಟು ಹಿಡಿದು ತೋರುಬೆರಳನ್ನು ನನ್ನ ಬಾಯಿಯ ಹತ್ತಿರ ತಂದಳು.

"ಕಚ್ಕೊ," ಎಂದಳು. "ಕಾಯಿಗೊಂದು ಸಲ."

ನಾನು ಬಸ್ಸಿನಲ್ಲಿ ಪಕ್ಕದವರ ಮುಂದೆ ಕಡಲೆಕಾಯಿಯನ್ನೂ ತಿನ್ನದವಳು. ಇಪ್ಪತ್ತು ಜನ ಅಪರಿಚಿತರೆದುರು ಹದಿನೇಳು ಸಲ ನನ್ನ ಬೆರಳನ್ನು ನಾನೇ ಕಚ್ಚಿಕೊಂಡೆ. ಮುಗಿಯಿತೆಂದು ಕೈ ಇಳಿಸಿದಾಗ ಚನ್ನಬಸಮ್ಮ, "ನೀ ಎರಡು ಸರ್ತಿ ಎಣಿಸಿದ್ಯಲ್ಲ," ಎಂದು ನೆನಪಿಸಿದರು. ಇನ್ನೂ ಹದಿನೇಳು ಕಚ್ಚಿದೆ.

ಜಡೆಯಿಂದ ಇಲ್ಲಿಗೆ

ನಾವು ಅಲ್ಲಿಗೆ ಹೋದದ್ದಕ್ಕೆ ಕಾರಣ ಸೊರಬ ತಾಲ್ಲೂಕಿನ ಜಡೆ ಎಂಬ ಊರಿನ ಕೆರೆಯ ಪಕ್ಕದ ಒಂದು ಪಾಳು ಜಾಗ. ಅಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆಯುತ್ತೇವೆಂದು ಊರಿನ ಹೆಂಗಸರು ಕೇಳಿದ್ದರು. ನಾಲ್ಕು ಜನ ಹಿರಿಯರು ಕೂತು, "ಹಿಂಗೆ ಹತ್ತಾರು ಜನ ಸೇರಿ ಮಾಡಿದ್ದು ಎಲ್ಲಾದ್ರೂ ಉಳಿದೈತಾ? ಉಳಿದಿದ್ರೆ ತೋರಿಸ್ರಿ," ಎಂದಿದ್ದರು. ನಾನು ಶಿಕಾರಿಪುರದ ಒಂದು ಸಣ್ಣ ಮಹಿಳಾ ಸಂಘಟನೆಯಲ್ಲಿ ಕೆಲಸ ಮಾಡುತ್ತಿದ್ದೆ. ಆ ಹೊತ್ತಿಗೇ ಒಂದು ಆಹ್ವಾನ ಬಂತು: ನೆಗ್ರೋಸ್ ದ್ವೀಪದ ಸಮುದಾಯ ತೋಟಗಳನ್ನು ಹತ್ತು ದಿನ ನೋಡಬೇಕು, ಕೊನೆಯ ದಿನ ಪಟ್ಟಣದ ಸೆಮಿನಾರಿನಲ್ಲಿ ಹದಿನೈದು ನಿಮಿಷ ಮಾತಾಡಬೇಕು. ಬೆಳೆಯುವವರೊಬ್ಬರು, ಇಂಗ್ಲಿಷ್ ಬಲ್ಲವರೊಬ್ಬರು ಬರಬಹುದು. ಬೆಳೆಯುವವರು ಜಡೆಯ ಚನ್ನಬಸಮ್ಮ. ಉಳಿದದ್ದು ನಾನು.

ಚನ್ನಬಸಮ್ಮ ಅದುವರೆಗೆ ಶಿವಮೊಗ್ಗ ದಾಟಿದವರಲ್ಲ. ವಿಮಾನದಲ್ಲಿ ಕಾಲು ಚಾಚಲು ಜಾಗವಿಲ್ಲದೆ ಆರು ಗಂಟೆ ಕೂತ ಮೇಲೆ ಕೇಳಿದರು: "ನಮ್ಮ ಗುಡವಿ ಕೆರೆಗೆ ಬರೋ ಹಕ್ಕಿ ಹಿಂಗೇ ದೇಶ ದಾಟಿ ಬರ್ತಾವಂತಲ್ಲ, ಅವಕ್ಕೂ ಕಾಲು ಜೋಮು ಹಿಡೀತದಾ?" ಹಕ್ಕಿಗಳು ಹಾರುವಾಗ ರಕ್ತಸಂಚಾರ ಹೇಗಿರುತ್ತದೆಂದು ನಾನು ವಿವರಿಸತೊಡಗಿದೆ. ಅವರು ನಿದ್ದೆ ಹೋದರು.

ತೋಟ ಕಂಡ ಕೂಡಲೇ ಅವರಿಗೆ ನಿರಾಶೆಯಾಯಿತು. ಬದನೆ, ಬೆಂಡೆ, ಅಲಸಂದೆ, ಬಸಳೆ, ಕೆಸು. "ಇದ್ನೆಲ್ಲ ನೋಡಾಕೆ ಸೊರಬದ ಸಂತೆಗೆ ಹೋಗಿದ್ರೆ ಆಗ್ತಿತ್ತು," ಎಂದರು. ಬೇಲಿಗೂಟಗಳೇ ಚಿಗುರಿ ನುಗ್ಗೆಮರಗಳಾಗಿದ್ದವು. ಇಲ್ಲಿನವರು ಸೊಪ್ಪನ್ನಷ್ಟೇ ತಿಂದು ಕಾಯನ್ನು ಮರದಲ್ಲೇ ಒಣಗಲು ಬಿಡುತ್ತಾರೆಂದು ತಿಳಿದಾಗ ಚನ್ನಬಸಮ್ಮನವರ ಮುಖ ಗಂಭೀರವಾಯಿತು. ಮಾರನೆಯ ದಿನವೇ ಹುಳಿ ಮಾಡಿ ಬಡಿಸಿದರು. ನೇನಾ ನುಗ್ಗೆಕಾಯಿಯನ್ನು ಸಿಪ್ಪೆ ಸಮೇತ ಅಗಿದು ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಚೆನ್ನಾಗಿದೆ ಎಂಬಂತೆ ಹುಬ್ಬೇರಿಸಿದಳು. ನಮಗಾಗಿ ಅವಳು ಮಾಡಿದ್ದ ಬರೀ ತರಕಾರಿಯ ಸಾರಿನಲ್ಲಿ ಒಂದು ಒಣಮೀನಿನ ತಲೆ ತೇಲುತ್ತಿತ್ತು. "ಇದು ಮೀನಲ್ಲ, ಬರೀ ರುಚಿಗೆ," ಎಂದು ವಿವರಿಸಿದಳು. ಲೆಕ್ಕ ಸರಿಹೋಯಿತು.

ನೇನಾ ಆಡುತ್ತಿದ್ದುದು ತುಂಡು ತುಂಡು ಇಂಗ್ಲಿಷ್. ಅದನ್ನು ನಾನು ಚನ್ನಬಸಮ್ಮನವರಿಗೆ ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತಿದ್ದೆ. ಇಲ್ಲೂ ಹಾಗೇ ಬರೆದಿದ್ದೇನೆ. ಎರಡನೆಯ ದಿನದ ಹೊತ್ತಿಗೆ ಅವರಿಬ್ಬರಿಗೂ ನನ್ನ ಅಗತ್ಯ ಮುಗಿದಿತ್ತು. ಒಬ್ಬಳು ಅವಳ ಭಾಷೆಯಲ್ಲಿ, ಇನ್ನೊಬ್ಬರು ಜಡೆಯ ಭಾಷೆಯಲ್ಲಿ, ಕಳೆ ಕೀಳುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಇಸವಿ, ಅಳತೆ ಬಂದಾಗ ಮಾತ್ರ ನನ್ನತ್ತ ತಿರುಗುತ್ತಿದ್ದರು.

ಸುತ್ತ ಎತ್ತ ನೋಡಿದರೂ ಕಬ್ಬು. ಊರಿನ ಜನರೆಲ್ಲ ಒಬ್ಬನೇ ಯಜಮಾನನ ಕಬ್ಬಿನ ಗದ್ದೆಯ ಕೂಲಿಗಳು. ಕಟಾವು ಮುಗಿದು ಮುಂದಿನ ಕೆಲಸ ಶುರುವಾಗುವವರೆಗಿನ ತಿಂಗಳುಗಳಿಗೆ ಅಲ್ಲಿ ಸತ್ತ ತಿಂಗಳು ಎಂದೇ ಹೆಸರು.

"ಆಗೆಲ್ಲ ಬಾಗ್ಲು ಹಾಕ್ಕೊಂಡು ಕೂರ್ತಿದ್ವಿ," ಎಂದಳು ನೇನಾ. "ಹಸಿವಿಗಲ್ಲ. ನಮ್ಮ ಒಲೆ ಹೊತ್ತಿಲ್ಲ ಅಂತ ಪಕ್ಕದ ಮನೆಯವ್ರಿಗೆ ಗೊತ್ತಾಗ್ಬಾರ್ದು ಅಂತ. ಅವ್ರೂ ಹಾಕ್ಕೊಂಡಿರ್ತಿದ್ರು. ಸಾಲಿಗೆ ಸಾಲೇ ಬಾಗ್ಲು ಹಾಕಿರ್ತಿತ್ತು."

ಸಕ್ಕರೆಯ ಬೆಲೆ ಬಿದ್ದ ವರ್ಷ ರಸ್ತೆ ಪಕ್ಕದ ಒಂದು ಮೂಲೆಯನ್ನು ಯಜಮಾನ ಪಾಳು ಬಿಟ್ಟ. 'ನನಗೆ ಬೇಕಾಗುವವರೆಗೆ ಇಟ್ಟುಕೊಳ್ಳಿ' ಎಂಬ ಬಾಯಿಮಾತಿನ ಮೇಲೆ ಹೆಂಗಸರು ಅದನ್ನು ತೆಗೆದುಕೊಂಡರು. ಹಾರೆ ಹಾಕಿದರೆ ಹಾರೆಯೇ ಪುಟಿಯುವಷ್ಟು ನೆಲ ಗಟ್ಟಿಯಾಗಿತ್ತಂತೆ. ಸಕ್ಕರೆ ಮಿಲ್ಲಿನ ಕೊಳೆ, ಕಬ್ಬಿನ ಒಣಗರಿ, ಹಂದಿ ಗೊಬ್ಬರ, ಮೀನು ತೊಳೆದ ನೀರು, ಮನೆಯ ಕಸ ಎಲ್ಲ ಸುರಿದು ಮೂರು ವರ್ಷ ಮಣ್ಣು ಮಾಡಿದರು. ಈಗ ಸತ್ತ ತಿಂಗಳಲ್ಲೂ ಇಪ್ಪತ್ತೆರಡು ಮನೆಗಳಿಗೆ ಸೊಪ್ಪು ಸಿಗುತ್ತದೆ. ಶನಿವಾರ ಊರಿನ ಬಡಕಲು ಮಕ್ಕಳಿಗೆಲ್ಲ ನುಗ್ಗೆಸೊಪ್ಪು, ಕುಂಬಳ ಹಾಕಿದ ಗಂಜಿ. ಪಾತಿಗಳಿಗೆ ಹೆಸರಿಲ್ಲ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೆಲಸ ಮಾಡುತ್ತಾರೆ.

ಇದ್ದದ್ದು ಒಂದೇ ಕಟ್ಟಳೆ. ಬಳ್ಳಿ ಬೇಲಿ ದಾಟಿ ರಸ್ತೆಯ ಕಡೆಗೆ ಬಿಟ್ಟ ಕಾಯಿ ತೋಟದ್ದಲ್ಲ, ದಾರಿಯಲ್ಲಿ ಹೋಗುವವರದ್ದು. ಯಾರೂ ಕೇಳಬೇಕಾಗಿಲ್ಲ, ಕಿತ್ತುಕೊಂಡು ಹೋಗಬಹುದು. ಮೀನು ಮಾರುವವಳು ಕಾಯಿ ಕಿತ್ತುಕೊಂಡು, ಮನಸ್ಸಾದರೆ ಬೇಲಿಗೆ ಎರಡು ಮೀನು ಸಿಕ್ಕಿಸಿ ಹೋಗುತ್ತಿದ್ದಳು. ಮನಸ್ಸಾಗದಿದ್ದರೆ ಇಲ್ಲ.

"ಇದನ್ನು ಹೇಗೆ ದಾಖಲಿಸುತ್ತೀರಿ?" ಎಂದು ನಾನು ಕೇಳಿದೆ.

ನೇನಾ ನನ್ನನ್ನೂ ನನ್ನ ನೋಟ್‌ಬುಕ್ಕನ್ನೂ ನೋಡಿ, "ಊಟ ಮಾಡ್ದೆಯಾ ಇಂದಾಯ್?" ಎಂದಳು. ಇಂದಾಯ್ ಅಂದರೆ ಮಗಳೇ ಎಂದ ಹಾಗೆ.

ಸಕ್ಕರೆಗೆ ಮತ್ತೆ ಬೆಲೆ ಬಂದಿತ್ತು. ಆ ಮೂಲೆಗೂ ಕಬ್ಬು ನೆಡುವುದೋ ಬೇಡವೋ ನೋಡಿ ಹೇಳಲು ಯಜಮಾನನ ಮ್ಯಾನೇಜರ್ ಭಾನುವಾರ ಬರುವವನಿದ್ದ. ನಾನು ಹೀಚು ಎಣಿಸಿದ್ದೂ ಆ ಕಾರಣಕ್ಕೇ. ತೋಟದ ಫಸಲನ್ನು ಅಂಕಿಅಂಶದೊಂದಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅವನು ಒಪ್ಪುತ್ತಾನೆಂದು ನಂಬಿದ್ದೆ.

ಶುಕ್ರವಾರ

ಹದಿನೇಳರಲ್ಲಿ ಹದಿನಾಲ್ಕು ಹೀಚು ಹಳದಿಯಾಗಿ ತೊಟ್ಟು ಕಳಚಿದ್ದವು. ಉಳಿದ ಮೂರು ಮುಟ್ಟಿದರೆ ಬೀಳುವಂತಿದ್ದವು.

ಕಾರಣ ನನಗೆ ಸ್ಪಷ್ಟವಿತ್ತು. ವಾರದಿಂದ ಬೆಳಗಿನ ಜಾವ ಮಳೆ. ಕುಂಬಳದ ಹೂವು ಬಿರಿಯುವ ಹೊತ್ತಿಗೆ ಜೇನುನೊಣ ಬರುತ್ತಿರಲಿಲ್ಲ. ಪರಾಗ ಸೇರದ ಹೀಚು ಉದುರಲೇಬೇಕು. ಗಂಜಿಯ ಚಪ್ಪರದಲ್ಲಿ ಹೆಂಗಸರನ್ನು ಕೂರಿಸಿ, ಒಂದು ಹಲಗೆಯ ಮೇಲೆ ಇದ್ದಿಲಿನಿಂದ ಗಂಡು ಹೂವು, ಹೆಣ್ಣು ಹೂವು ಬರೆದು ಇಪ್ಪತ್ತು ನಿಮಿಷ ವಿವರಿಸಿದೆ. ಅವರು ಆಗಾಗ ಹುಬ್ಬೇರಿಸಿದರು. ಅಲ್ಲಿ ಹುಬ್ಬೇರಿಸುವುದೆಂದರೆ ಹೌದು ಎನ್ನುವುದು. ನನಗೆ ಧೈರ್ಯ ಬಂತು. ಕೊನೆಗೆ ಏನಾದರೂ ಪ್ರಶ್ನೆ ಇದೆಯೇ ಎಂದೆ.

"ಹಂಗಾದ್ರೆ ಹೊರಗಡೆ ಕಾಯಿ ಯಾಕೆ ಬೀಳ್ಲಿಲ್ಲ?" ಎಂದಳು ನೇನಾ.

ಬೇಲಿಯ ಆಚೆ, ರಸ್ತೆಯ ಕಡೆ, ಒಂಬತ್ತು ಕಾಯಿ ಮುಷ್ಟಿಯಷ್ಟು ದಪ್ಪವಾಗಿ, ಹಸಿರಾಗಿ ತೂಗುತ್ತಿದ್ದವು. ಅದೇ ಬಳ್ಳಿ, ಅದೇ ಮಣ್ಣು, ಅದೇ ಮಳೆ. ತೋಟದವಲ್ಲವೆಂದು ನಾನು ಅವನ್ನು ಎಣಿಸಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಒದ್ದಾಡಿದರೂ ಇಷ್ಟು ಚೊಕ್ಕವಾದ ಪ್ರಯೋಗ ನನ್ನಿಂದ ಆಗಿರಲಿಲ್ಲ. ಬೆರಳು ತೋರಿಸಿದ್ದೆಲ್ಲ ಉದುರಿತ್ತು, ತೋರಿಸದ್ದು ಉಳಿದಿತ್ತು. ಅವು ಮಳೆಗೆ ಮೊದಲೇ ಪರಾಗ ಸೇರಿ ಕಟ್ಟಿದ ಕಾಯಿಗಳೆಂದು ಹೇಳಲು ಬಾಯಿ ತೆರೆದೆ.

"ಸುಮ್ನಿರು ವೀಣಾ," ಎಂದರು ಚನ್ನಬಸಮ್ಮ ಮೆಲ್ಲಗೆ. "ನಂಗೂ ಅವ್ರಂಗೇ ಅನ್ಸ್ತದೆ."

ಆಮೇಲೆ ನೇನಾಳೊಬ್ಬಳೇ ಇದ್ದಾಗ ಹೋಗಿ ಹೇಳಿದೆ: ಈ ಒಂದು ವಾರದ ಮಟ್ಟಿಗೆ ಹೊರಗಿನ ಕಾಯಿಗಳನ್ನು ಒಳಗೆ ಎಳೆದುಕೊಂಡರೆ ಮ್ಯಾನೇಜರಿಗೆ ತೋರಿಸಲು ಏನಾದರೂ ಇರುತ್ತದೆ.

"ಅವು ನಮ್ಮವಲ್ಲ," ಎಂದಳು.

"ತೋಟವೇ ಹೋದರೆ ದಾರಿಹೋಕರಿಗೂ ಸಿಗುವುದಿಲ್ಲ."

"ಇರಬೌದು. ಆದ್ರೂ ನಮ್ಮವಲ್ಲ." ಅವಳು ಬಿದ್ದ ಹೀಚುಗಳನ್ನು ಒಂದೊಂದಾಗಿ ಆರಿಸಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ಶನಿವಾರ

ಬೆಳಕು ಹರಿಯುವ ಹೊತ್ತಿಗೆ ಒಬ್ಬಳೇ ಎದ್ದು ಹೋದೆ. ನಾನು ಎಲ್ಲರಿಗೂ ಗೊತ್ತಾಗುವಂತೆ ತಪ್ಪು ಮಾಡುವವಳು, ಯಾರಿಗೂ ಗೊತ್ತಾಗದಂತೆ ಅದನ್ನು ಸರಿಪಡಿಸಲು ಹೊರಡುವವಳು. ಎರಡನೆಯದು ಮೊದಲಿನದಕ್ಕಿಂತ ಅಪಾಯಕಾರಿ ಎಂದು ಆಗ ತಿಳಿದಿರಲಿಲ್ಲ. ಹೊರಗಿದ್ದ ಬಳ್ಳಿಗಳು ಬಿದಿರಿಗೆ ಸುತ್ತಿದ್ದ ನುಲಿಗಳನ್ನು ಬ್ಲೇಡಿನಿಂದ ಕತ್ತರಿಸಿ, ಒಂಬತ್ತು ಕಾಯಿಗಳನ್ನೂ ಬೇಲಿಯ ಮೇಲಿಂದ ಒಳಗೆ ಇಳಿಸಿ, ಜಗ್ಗದಂತೆ ಬಾಳೆನಾರಿನಲ್ಲಿ ಕಟ್ಟಿದೆ. ಒಂದೂ ಮುರಿಯಲಿಲ್ಲ. ಒಳಗಿನಿಂದ ಬೇಲಿ ತುಂಬಿದ ಹಾಗೆ ಕಂಡಿತು. ತೃಪ್ತಿಯಾಯಿತು. ವಾಪಸು ಬಂದಾಗ, ಎದ್ದು ಕೂತಿದ್ದ ಚನ್ನಬಸಮ್ಮ ನನ್ನ ಕೈಗೆ ಅಂಟಿದ್ದ ಬಾಳೆನಾರನ್ನು ನೋಡಿದರು.

ಅಂದು ತೋಟದಲ್ಲಿ ಯಾರೂ ಬೇಲಿಯ ಕಡೆ ನೋಡಲಿಲ್ಲ. ಎಲ್ಲರೂ ಗಂಜಿಯ ಗಡಿಬಿಡಿಯಲ್ಲಿದ್ದರು. ನಾನೊಬ್ಬಳು ನೋಡುತ್ತಿದ್ದೆ. ಹತ್ತು ಗಂಟೆಯ ಸುಮಾರಿಗೆ ರಸ್ತೆಯಲ್ಲಿ ಒಬ್ಬ ಮುದುಕ ಬಂದ. ಬೇಲಿಯ ಆ ತುದಿಯಿಂದ ಈ ತುದಿಯವರೆಗೆ ಎಲೆಗಳನ್ನು ಸರಿಸಿ ಹುಡುಕಿದ. ಬಂದ ದಾರಿಯಲ್ಲಿ ಹಿಂದೆ ಹೋಗಿ ಇನ್ನೊಮ್ಮೆ ಹುಡುಕಿದ. ಆಮೇಲೆ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ನನಗೂ ಅವನಿಗೂ ನಡುವೆ ಇದ್ದದ್ದು ಎರಡು ಮಾರು. ನಾನು ಬಸಳೆ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ.

ಭಾನುವಾರ

ಹೆಂಗಸರು ಚರ್ಚಿನಿಂದ ನೇರವಾಗಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಬಂದಿದ್ದರು. ಪಾತಿಗಳ ಅಂಚು ಗುಡಿಸಿದ್ದರು. ನನ್ನ ಅಂಕಿಅಂಶದ ಹಾಳೆ ನನ್ನ ಕೈಯಲ್ಲಿತ್ತು. ಮ್ಯಾನೇಜರ್ ಒಳಗೆ ಬಂದು ಕೂರಲೆಂದು ಚಪ್ಪರದಲ್ಲಿ ಬೆತ್ತದ ಕುರ್ಚಿ ಹಾಕಿದ್ದರು.

ಅವನು ಒಳಗೆ ಬರಲಿಲ್ಲ. ಜೀಪನ್ನು ರಸ್ತೆಯಲ್ಲೇ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ಕಿಟಕಿಯಿಂದ ಬೇಲಿಯನ್ನು ಉದ್ದಕ್ಕೂ ನೋಡಿದ. ಅವನಿಗೆ ಕಂಡದ್ದು ಹೊರಗಿನ ಮೈ ಮಾತ್ರ. ಅಲ್ಲಿ ಎಲೆ ಇತ್ತು, ಬಿದಿರಿತ್ತು, ನಾನು ಕತ್ತರಿಸಿದ ನುಲಿಯ ತುಣುಕುಗಳಿದ್ದವು.

"ದಾರೀಲಿ ಹೋಗೋರೆಲ್ಲ ಕಿತ್ಕೊಂಡ್ರೂ ಮಿಗೋಷ್ಟು ಬೆಳೀತೀವಿ ಅಂತ ಯಜಮಾನ್ರಿಗೆ ಹೇಳಿದ್ದಿರಂತೆ," ಎಂದ. "ಎಲ್ಲಿದೆ?"

ನೇನಾ ಬೇಲಿಯತ್ತ ತಿರುಗಿದಳು. ಬರೀ ಎಲೆ ನೋಡಿ, ಕೈ ಹಾಕಿ ಎಲೆಗಳನ್ನು ಸರಿಸಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ, ಆಗಲೇ ಹೇಳಬೇಕಿತ್ತು. ಹಾಳೆಯನ್ನು ಮುಂದೆ ಚಾಚಿದೆ. ಅವನು ಅದನ್ನು ತೆಗೆದುಕೊಂಡು, ಓದದೆ, ಎದುರಿನ ಗಾಜಿನ ಹತ್ತಿರ ಇಟ್ಟ.

"ಒಳಗ್ ಬಂದು ನೋಡಿ," ಎಂದಳು ನೇನಾ.

ಅವನು ಗಡಿಯಾರ ನೋಡಿಕೊಂಡ. ಈ ತಿಂಗಳ ಕೊನೆಗೆ ಟ್ರ್ಯಾಕ್ಟರ್ ಬರುತ್ತದೆ, ಗಿಡ ಏನು ಬೇಕೋ ಕಿತ್ತುಕೊಳ್ಳಿ, ಯಜಮಾನರ ಅಭ್ಯಂತರವಿಲ್ಲ ಎಂದ. ದನಿಯಲ್ಲಿ ಕೋಪವೇನೂ ಇರಲಿಲ್ಲ. ಜೀಪು ಹೋಗುವಾಗ ಹಿಂದಿನ ಸೀಟಿನ ಕೆಳಗೆ ಅಳತೆಗೂಟಗಳ ಕಟ್ಟು ಕಂಡಿತು, ತುದಿಗೆ ಕೆಂಪು ಬಣ್ಣ ಬಳಿದಿತ್ತು.

ಮಧ್ಯಾಹ್ನವೆಲ್ಲ ಹೆಂಗಸರು ಚಪ್ಪರದಲ್ಲಿ ನೆಲದ ಮೇಲೆ ಕೂತಿದ್ದರು. ಬೆತ್ತದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಚನ್ನಬಸಮ್ಮ ನನ್ನ ಪಕ್ಕಕ್ಕೆ ಬಂದರು.

"ಊರಾಗೆ ಹಿರೇರು ಕೇಳಿದ್ರೆ ಎಂತ ಹೇಳದು?"

"ಉಳಿಯಲಿಲ್ಲ ಎಂದೇ ಹೇಳಬೇಕು."

"ಬಾಯ್ಮಾತಿನ ಜಾಗ ಉಳೀಲಿಲ್ಲ ಅಂತ ಹೇಳು," ಎಂದರು ಅವರು. "ನಂಗೆ ಕಲ್ತಿದ್ದು ಇಷ್ಟೇ. ಪಂಚಾಯ್ತಿ ಠರಾವು, ಪಹಣೀಲಿ ಸಂಘದ ಹೆಸ್ರು, ಎರಡೂ ಕೈಗೆ ಬರೋ ತನಕ ಆ ಕೆರೆ ಪಕ್ಕ ಒಂದು ಬುಟ್ಟಿ ಗೊಬ್ರ ಹಾಕಾಕೆ ಬಿಡಲ್ಲ ನಾನು. ಇವರು ಮೂರು ವರ್ಷ ಹಾಕ್ಯಾರೆ, ನೋಡು."

ಸಂಜೆ ನೇನಾ ಮೆಟ್ಟಿಲ ಮೇಲೆ ಕೂತು ಅಲಸಂದೆ ಬಿಡಿಸುತ್ತಿದ್ದಳು. ನಾನು ಎದುರಿಗೆ ನಿಂತು, ಬಹಳ ಸಿದ್ಧಮಾಡಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಮರೆತು, "ಬೇಲಿ ಖಾಲಿ ಮಾಡಿದ್ದು ನಾನು," ಎಂದೆ.

"ಗೊತ್ತು. ಮಧ್ಯಾಹ್ನಾನೇ ಚನ್ನಾ ಹೇಳಿದ್ಳು."

"ಅವರಿಗೆ ನಿಮ್ಮ ಭಾಷೆ ಬರುವುದಿಲ್ಲ."

"ಬೇಲಿ ತೋರಿಸಿ, ಯಾರು ಅಂತ ಕೈಯಾಡಿಸ್ದೆ. ಅವ್ಳು ತುಟಿ ಚಾಚಿ ನಿನ್ನ ಕಡೆ ತೋರಿಸಿದ್ಳು."

ಹತ್ತು ದಿನದಲ್ಲಿ ಚನ್ನಬಸಮ್ಮ ಭಾಷೆಯನ್ನೇ ಕಲಿತಿದ್ದರು. ನನಗೆ ಕೂರಲು ನೇನಾ ಸರಿದು ಜಾಗ ಕೊಡಲಿಲ್ಲ. ನಾನು ನಿಂತೇ ಇದ್ದೆ.

"ನನ್ನಿಂದಲೇ ಹೋಯಿತೇ?" ಎಂದು ಕೇಳಿದೆ.

ಅವಳು ಒಂದು ಕಾಯಿ ಬಿಡಿಸಿ ಮುಗಿಸಿದಳು. "ಗೂಟ ಜೀಪಲ್ಲೇ ಇತ್ತು. ಮನಸ್ಸು ಮಾಡ್ಕೊಂಡೇ ಬಂದಿದ್ದ. ಆದ್ರೆ ಬೇಲಿ ತುಂಬಿದ್ರೆ ಆ ಮಾತು ಅವನ ಬಾಯಿಗೆ ಅಷ್ಟು ಸಲೀಸಾಗಿ ಬರ್ತಿರ್ಲಿಲ್ಲ. ಇನ್ನೊಂದು ಬೆಳೆ ಮುಗಿಯೋ ತನಕ ಬಿಡ್ತಿದ್ನೋ ಏನೋ." ಇನ್ನೊಂದು ಕಾಯಿ ಎತ್ತಿಕೊಂಡಳು. "ನಿನ್ನ ಬೆರಳಿಗಿಂತ ನಿನ್ನ ಕೈ ಕೆಟ್ಟದ್ದು, ಇಂದಾಯ್."

ಕ್ಷಮಿಸಿ ಎನ್ನುವುದು ಆ ಹೊತ್ತಿಗೆ ತೀರ ಚಿಕ್ಕ ಮಾತಾಗಿತ್ತು. ಆದರೂ ಅದನ್ನೇ ಹೇಳಿದೆ.

"ಜಾಗ ಅವನದು," ಎಂದಳು ನೇನಾ. "ಮಣ್ಣು ನಾವು ಮಾಡಿದ್ದು. ಗಿಡ ಕಿತ್ಕೊಳ್ಳಿ ಅಂದ. ಮಣ್ಣು ಬಿಟ್ಟು ಕಿತ್ಕೊಳ್ಳಿ ಅನ್ಲಿಲ್ಲ. ನಮ್ಮ ಮನೆ ಸಾಲಿನ ಮುಂದೆ ಉದ್ದಕ್ಕೂ ಒಂದು ಪಟ್ಟಿ ಐತೆ, ಬಾಗ್ಲು ತೆಗೆದ್ರೆ ಅಲ್ಲೇ. ನಾಳೆ ಬೆಳಿಗ್ಗೆಯಿಂದ ಅಲ್ಲಿಗೆ ಮಣ್ಣು ಹೊರ್ತೀವಿ." ಅಲಸಂದೆಯ ಮೊರವನ್ನು ಕುಕ್ಕಿ ಸಮ ಮಾಡಿದಳು. "ಆ ಕೈನೂ ತಗೊಂಡ್ ಬಾ."

ಸೋಮವಾರ

ಸೆಮಿನಾರಿಗೆ ಕರೆದೊಯ್ಯುವ ವ್ಯಾನು ಏಳು ಗಂಟೆಗೆ ಬಂತು. ಶಿಕಾರಿಪುರದಲ್ಲಿ ಬೆರಳಚ್ಚು ಮಾಡಿಸಿ ತಂದಿದ್ದ ನನ್ನ ಪ್ರಬಂಧ ಹನ್ನೊಂದು ಪುಟವಿತ್ತು. ಸಮುದಾಯ ತೋಟವನ್ನು ಉಳಿಸಿಕೊಳ್ಳುವ ಕ್ರಮಗಳ ಕುರಿತು. ಕೊಟ್ಟ ಸಮಯಕ್ಕೆ ಹೋಗದೆ ಇದ್ದದ್ದು ನನ್ನ ಜೀವಮಾನದಲ್ಲಿ ಇಲ್ಲ. ಮಣ್ಣಾದ ಕೈಯನ್ನು ಸೀರೆಗೆ ಒರೆಸಿಕೊಂಡು, ಇಂದು ಬರಲಾಗುವುದಿಲ್ಲ, ಕ್ಷಮಿಸಬೇಕು ಎಂದು ಡ್ರೈವರಿಗೆ ಹೇಳಿದೆ. ಪ್ರಬಂಧವನ್ನಾದರೂ ಕೊಡಿ, ಬೇರೆ ಯಾರಾದರೂ ಓದುತ್ತಾರೆ ಎಂದ. ಬೇಡ ಎಂದೆ.

ಚನ್ನಬಸಮ್ಮ ತಲೆಗೆ ಸಿಂಬೆ ಸುತ್ತಿ ಮಣ್ಣಿನ ಬುಟ್ಟಿ ಹೊತ್ತು, ಕೈಬಿಟ್ಟು, ನೇನಾಳೊಂದಿಗೆ ಮಾತಾಡುತ್ತ ಹೋಗುತ್ತಿದ್ದರು. ನನ್ನ ತಲೆಯ ಮೇಲೆ ಬುಟ್ಟಿ ನಿಲ್ಲಲಿಲ್ಲ. ಸೊಂಟದ ಮೇಲಿಟ್ಟುಕೊಂಡು, ಒಂದು ಕಡೆಗೆ ವಾಲಿ, ದಾರಿಯುದ್ದಕ್ಕೂ ಚೆಲ್ಲುತ್ತ ನಡೆದೆ. ಹಿಂದೆ ಬರುತ್ತಿದ್ದ ಹೆಂಗಸು ಚೆಲ್ಲಿದ್ದನ್ನು ಬಗ್ಗಿ ಬಾಚಿ ಬಾಚಿ ನನ್ನ ಬುಟ್ಟಿಗೇ ಹಾಕುತ್ತಿದ್ದಳು. ಸಾಲಿನ ಮೊದಲನೆಯ ಮನೆಯ ಬಾಗಿಲೆದುರು ಅದನ್ನು ಸುರಿದು ಅಂಗೈಯಲ್ಲಿ ಹರವಿದೆ. ಖಾಲಿ ಬುಟ್ಟಿ ಎತ್ತಿಕೊಂಡು ತೋಟಕ್ಕೆ ವಾಪಸು ಹೋಗಿ, ಮಣ್ಣು ತುಂಬಿಸಿಕೊಳ್ಳುವವರ ಸಾಲಿನ ಕೊನೆಯಲ್ಲಿ ನಿಂತೆ.